ಬಾಚಣಿಗೆ ಮಾಮ ಮತ್ತು ಮುಖವಿಲ್ಲದ ಕಾಯಿಲೆ

ಯಾರನ್ನು ಕಂಡರೂ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಎಡಗಣ್ಣನ್ನು ಮುಚ್ಚುವುದು. ನಮಸ್ಕಾರ ಆಮೇಲೆ, ಕ್ಷೇಮಸಮಾಚಾರ ಅದಕ್ಕೂ ಆಮೇಲೆ. ಬಾಗಿಲಲ್ಲೇ ನಿಂತು, ತಲೆಯನ್ನು ಬಲಕ್ಕೆ ತುಸುವೇ ವಾಲಿಸಿ, ಎಡಗಣ್ಣು ಮುಚ್ಚಿ, ತೆರೆದಿದ್ದ ಒಂದೇ ಕಣ್ಣಿನಿಂದ ಎದುರಿಗಿದ್ದವರನ್ನು ಹಣೆಯಿಂದ ಗಲ್ಲದವರೆಗೆ ಅಳೆದು ಮುಗಿಸಿದ ಮೇಲೆಯೇ ಎರಡೂ ಕಣ್ಣು ಬಿಟ್ಟು ನಮ್ಮ ನಿಮ್ಮಂಥ ಮನುಷ್ಯರಾಗುತ್ತಿದ್ದರು. ಮದುವೆಮನೆಯಲ್ಲೂ ಅಷ್ಟೇ, ಸಾವಿನ ಮನೆಯಲ್ಲೂ ಅಷ್ಟೇ. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನೂ ಹಾಗೇ ಅಳೆದು, ನಿಟ್ಟುಸಿರು ಬಿಟ್ಟು, "ದಯವಿಟ್ಟು ಕಾಯಿಲೆ ಬೀಳ್ಬೇಡಿ ಸ್ವಾಮಿ, ಈ ಮುಖಕ್ಕೆ ಯಾರೂ ಕಾಸು ಬಿಚ್ಚಲ್ಲ" ಎಂದರು. ತಮಾಷೆಯೆಂದು ನಾನು ನಕ್ಕೆ. ಅವರು ನಗಲಿಲ್ಲ.

ನಮ್ಮದು ಒಂದು ದೊಡ್ಡ ಆಸ್ಪತ್ರೆಯ ಬೆನ್ನಿಗೆ ಅಂಟಿಕೊಂಡ ಸಹಾಯನಿಧಿ. ಆಸ್ಪತ್ರೆಯಲ್ಲಿ ವಾರ್ಡುಗಳು ಇಪ್ಪತ್ತಾರು. ವರ್ಷಕ್ಕೆ ನಾವು ಹೊರಡಿಸುತ್ತಿದ್ದ ಪೋಸ್ಟರು ಮಾತ್ರ ಒಂದೇ ಒಂದು. ಬಸ್ಸುಗಳ ಬೆನ್ನ ಮೇಲೆ, ಸಿನಿಮಾ ಮಂದಿರದ ಗೋಡೆಗಳ ಮೇಲೆ, ಶಾಲೆಗಳ ಸೂಚನಾ ಫಲಕದ ಮೇಲೆ ಆ ವರ್ಷ ಯಾವ ಕಾಯಿಲೆಯ ಮುಖ ಬರುತ್ತದೋ ಆ ವಾರ್ಡಿಗೆ ಹೊಸ ಮಂಚ, ಹೊಸ ಯಂತ್ರ, ಗೋಡೆಗೆ ಹೊಸ ಬಣ್ಣ. ಉಳಿದ ಇಪ್ಪತ್ತೈದಕ್ಕೆ ಮುಂದಿನ ವರ್ಷದ ಆಸೆ. ಚಿತ್ರ ತೆಗೆಯುವುದು ಅವರ ಕೆಲಸ, ಅದರ ಕೆಳಗೆ ಒಂದು ಸಾಲು ಬರೆಯುವುದು ನನ್ನ ಕೆಲಸ. ಯಾವ ವಾರ್ಡು ಎಂದು ತೀರ್ಮಾನಿಸಲು ಏಳು ಜನರ ಸಮಿತಿಯೊಂದಿತ್ತು, ನಿಜ; ಆದರೆ ಆ ಏಳೂ ಜನ ಸಭೆಗೆ ಬಂದು, ಬಿಸ್ಕತ್ತು ಮುಗಿಸಿ, ಕೊನೆಗೆ ತಿರುಗಿ ನೋಡುತ್ತಿದ್ದದ್ದು ಮೂಲೆಯಲ್ಲಿ ಕುಳಿತ ಈ ಮನುಷ್ಯನ ಬಲಗಣ್ಣನ್ನು.

ಬೇಸಿಗೆಯಲ್ಲೂ ಮೈಮೇಲಿಂದ ಇಳಿಯದ ಬೂದುಬಣ್ಣದ ಕೋಟು. ಅದರ ಬಲಜೇಬಿನಲ್ಲಿ ಎರಡು ಬಾಚಣಿಗೆ, ಎಡಜೇಬಿನಲ್ಲಿ ಪೌಡರಿನ ಡಬ್ಬಿ, ಒಗೆದ ಕರವಸ್ತ್ರ, ಒಂದು ಕೆಂಪು ರಿಬ್ಬನ್ನು. ಚಿತ್ರ ತೆಗೆಯುವ ಮೊದಲು ಮಗುವಿನ ಪಕ್ಕದಲ್ಲಿ ಕುಳಿತು, ಜ್ವರದ ಬೆವರಿಗೆ ಹಣೆಗಂಟಿದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿ, ತಾಯಂದಿರೂ ಅಷ್ಟು ಮೃದುವಾಗಿ ಬಾಚುವುದಿಲ್ಲವೆನ್ನುವ ಹಾಗೆ ಬಾಚುತ್ತಿದ್ದರು. ಮಕ್ಕಳೇ ಅವರಿಗೆ ಬಾಚಣಿಗೆ ಮಾಮ ಎಂದು ಹೆಸರಿಟ್ಟದ್ದು; ಮಕ್ಕಳಿಂದ ಅದು ಸಿಸ್ಟರುಗಳ ಬಾಯಿಗೆ ಬಂದು, ಅಲ್ಲಿಂದ ಡಾಕ್ಟರುಗಳಿಗೂ ಹತ್ತಿ, ಕಡೆಗೆ ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಅವರ ನಿಜವಾದ ಹೆಸರು ಉಳಿಯಲಿಲ್ಲ. ಮಂಚ ಮಂಚಗಳ ನಡುವಿನ ಇಕ್ಕಟ್ಟಿನಲ್ಲಿ ಇಪ್ಪತ್ತನಾಲ್ಕು ವರ್ಷ ಕ್ಯಾಮೆರಾದ ಚೀಲ ಹೊತ್ತು ಓಡಾಡಿದ್ದರಿಂದ ಅವರ ನಡಿಗೆಯೇ ಅಡ್ಡಡ್ಡವಾಗಿತ್ತು. ಖಾಲಿ ರಸ್ತೆಯಲ್ಲೂ ಬಲಭುಜವನ್ನು ಮುಂದೆ ಮಾಡಿಕೊಂಡು, ಇಲ್ಲದ ಮಂಚಗಳಿಗೆ ತಾಗದಂತೆ ನುಸುಳಿಕೊಂಡು ಹೋಗುತ್ತಿದ್ದರು.

ಮಾತು ಬಲು ಕಡಿಮೆ. ವೃತ್ತಿಗೆ ಸಂಬಂಧಪಟ್ಟಂತೆ ಅವರಿಗೆ ಬೇಕಾಗಿದ್ದದ್ದು ಎರಡೇ ಪದ: "ನಡಿಯತ್ತೆ", "ನಡಿಯಲ್ಲ". ಹೃದಯದಲ್ಲಿ ರಂಧ್ರವಿರುವ ಆರು ವರ್ಷದ ಹುಡುಗಿ, ನಡಿಯತ್ತೆ. ಕಣ್ಣಿಗೆ ಪಟ್ಟಿ ಕಟ್ಟಿದ ಕೂಸು, ನಡಿಯತ್ತೆ. ಮೂಲವ್ಯಾಧಿ, ಮೂತ್ರಕೋಶ, ಹುಣ್ಣಾದ ಕರುಳು, ನಡಿಯಲ್ಲ. "ಸೊಂಟದಿಂದ ಕೆಳಗಿನ ಕಾಯಿಲೆಗೆ ಸೊನ್ನೆ ರೀ. ಊಟಕ್ಕೆ ಕೂತಾಗ ಬಾಯಿ ಬಿಟ್ಟು ಹೇಳೋಕಾಗೋ ಹೆಸರಿರ್ಬೇಕು ಕಾಯಿಲೆಗೆ" ಎನ್ನುತ್ತಿದ್ದರು. ಕರುಳಿನ ವಾರ್ಡಿನ ಹಿರಿಯ ಸಿಸ್ಟರು ಒಂದು ವರ್ಷ ಕಚೇರಿಗೇ ನುಗ್ಗಿ, ಮೇಜು ಗುದ್ದಿ, "ನಮ್ಮ ವಾರ್ಡಲ್ಲಿ ಇರೋರು ಮನುಷ್ಯರಲ್ವೇನ್ರೀ?" ಎಂದು ಜಗಳಕ್ಕೆ ನಿಂತಾಗ ಇವರು ಕುರ್ಚಿಯಿಂದೆದ್ದು, ಆಕೆಗೆ ಆ ಕುರ್ಚಿಯನ್ನು ಕೊಟ್ಟು, "ಮನುಷ್ಯರೇ ತಾಯಿ. ನೀವು ಹೇಳೋದು ನೂರಕ್ಕೆ ನೂರು ನಿಜ. ಕೊಡೋರು ನಿಮ್ಮ ಥರ ಅಲ್ವಲ್ಲ" ಎಂದರು. ಆಕೆ ಅತ್ತುಬಿಟ್ಟರು. ಮಾಮ ಎಡಜೇಬಿನ ಕರವಸ್ತ್ರ ತೆಗೆದುಕೊಟ್ಟರು, ತೀರ್ಪನ್ನು ಮಾತ್ರ ಬದಲಿಸಲಿಲ್ಲ.

ಅವರಿಗೆ ಗೊತ್ತಿದ್ದ ಸತ್ಯಗಳು ಯಾವ ಪುಸ್ತಕದಲ್ಲೂ ಇರಲಿಲ್ಲ, ಮತ್ತು ಅವುಗಳಲ್ಲಿ ಒಂದೂ ಕೇಳಲು ಹಿತವಾಗಿರಲಿಲ್ಲ. ರೋಗಿಯ ತಪ್ಪೇನೂ ಇಲ್ಲವೆಂದು ಮುಖ ನೋಡಿದರೇ ತಿಳಿಯಬೇಕು. ಕುಡಿದನೇ, ಸೇದಿದನೇ ಎಂದು ಒಂದು ಪ್ರಶ್ನೆ ಎದ್ದಿತೋ, ಕೈ ಜೇಬಿನಿಂದ ಹೊರಗೆ ಬರುವುದಿಲ್ಲ. ದೊಡ್ಡವರ ಮನೆಗೆ ಒಮ್ಮೆ ಹೋಗಿಬಂದ ಕಾಯಿಲೆ ಭಾಗ್ಯವಂತ ಕಾಯಿಲೆ. ಬದುಕಿ ಉಳಿದವರು ವೇದಿಕೆ ಹತ್ತಿ ಮಾತಾಡುವ ಕಾಯಿಲೆಗೆ ಸಾವಿರ ನಾಲಿಗೆ. ಬಂದವರನ್ನೆಲ್ಲ ಮುಗಿಸಿಬಿಡುವ ಕಾಯಿಲೆಗೆ ಅಳುವವರು ಸಿಗುತ್ತಾರೆ, ಮಾತಾಡುವವರು ಸಿಗುವುದಿಲ್ಲ. ಮಗುವಿನ ಪಕ್ಕದಲ್ಲಿ ತಾಯಿ ಇರಬೇಕು, ತಂದೆ ಇರಕೂಡದು. "ಅಪ್ಪ ಕಂಡ್ರೆ, ದುಡಿಯೋ ಗಂಡಸಿದ್ದಾನಲ್ಲ ಅಂತಾರೆ." ಒಂದು ಸಲ ಹೀಗೆ ಒಬ್ಬ ತಂದೆಯನ್ನು ಪಕ್ಕಕ್ಕೆ ಸರಿಸಿದರು. ಆತ ಸರಿದ, ಆತನ ನೆರಳು ಹಾಸಿಗೆಯ ಮೇಲೆ ಉಳಿಯಿತು. ಇನ್ನೂ ಸ್ವಲ್ಪ ಎಂದರು, ಆತ ಸರಿದ. ನೆರಳಿನ ತುದಿ ಮಗುವಿನ ಪಾದದ ಮೇಲಿತ್ತು. ಕಡೆಗೆ ಆತ ಬಾಗಿಲು ದಾಟಿ ಹೊರಗಿನ ಓಣಿಯಲ್ಲಿ, ಮಗ ಕಾಣದ ಜಾಗದಲ್ಲಿ, ಕೈಕಟ್ಟಿ ನಿಂತುಕೊಂಡ. ಆ ಚಿತ್ರದಿಂದ ಮಗುವಿಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಹೋಗುವಾಗ ಆ ತಂದೆ ಮಾಮನ ಕಾಲಿಗೆ ಬೀಳಲು ಬಂದಾಗ ಅವರು ಹೌಹಾರಿ ಹಿಂದೆ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಲೆಕ್ಕಾಚಾರದ ಮನುಷ್ಯನಲ್ಲಿ ಒಂದು ವ್ರತವಿತ್ತು. ಹೃದಯದ ಮಗುವೊಂದರ ಚಿತ್ರಕ್ಕೆ ಒಂದು ವರ್ಷ ನಿರೀಕ್ಷೆಗೆ ಮೀರಿ ಹಣ ಬಂದಾಗ, ಮಿಕ್ಕಿದ್ದರಲ್ಲಿ ಆಸ್ಪತ್ರೆಗೊಂದು ಭರ್ಜರಿ ಗೇಟು ಹಾಕಿಸೋಣವೆಂದು ಸಮಿತಿಯವರು ಬಾಯಿ ಚಪ್ಪರಿಸಿದರು. ಮಾಮ ರಾಜೀನಾಮೆಯ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಸಭೆಗೆ ಹೋದರು. "ಆ ಮಗು ತನ್ನ ಮುಖ ಕೊಟ್ಟಿದೆ. ಮುಖಕ್ಕೆ ಬಂದಿದ್ದು ಆ ಮುಖಕ್ಕೇ ಹೋಗ್ಬೇಕು. ಬೇರೆ ಕಡೆ ತಿರುಗಿಸಿದ್ರೆ ಅದು ಕಳ್ಳತನ." ಅವರು ಇಷ್ಟುದ್ದ ಮಾತಾಡಿದ್ದೇ ಅಪರೂಪವಾದ್ದರಿಂದ ಸಮಿತಿ ಬೆಚ್ಚಿಬಿದ್ದು ನಿಯಮವನ್ನೇ ಬರೆದಿಟ್ಟಿತು: ಪೋಸ್ಟರಿನಲ್ಲಿ ಕಾಣುವ ಕಾಯಿಲೆ ಯಾವುದೋ, ಕಾಣುವ ರೋಗಿಯ ವಯೋಮಾನ ಯಾವುದೋ, ಬಂದ ಹಣ ಆ ಕಾಯಿಲೆಯ ಆ ವಯಸ್ಸಿನವರಿಗೇ ಸಲ್ಲತಕ್ಕದ್ದು. ಕಚೇರಿಯಲ್ಲಿ ಅದಕ್ಕೆ 'ಮಾಮನ ನಿಯಮ' ಎಂದೇ ಹೆಸರು. ಅದನ್ನು ಹಾಗೆ ಕರೆದಾಗಲೆಲ್ಲ ಅವರ ಕಿವಿ ಕೆಂಪಾಗುತ್ತಿತ್ತು, ಆ ಮನುಷ್ಯನಿಗೆ ಹೆಮ್ಮೆ ಎಂಬುದೇನಾದರೂ ಇದ್ದರೆ ಅದು ಅಷ್ಟೇ.

ಆಸ್ಪತ್ರೆಯ ಹಳೆಯ ಕಟ್ಟಡದ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿ ಹೋದರೆ, ಹನ್ನೆರಡು ಮಂಚಗಳ ಒಂದು ವಾರ್ಡಿದೆ. ಕಲ್ಲಿನ ಧೂಳಿನ ವಾರ್ಡು. ಊರಾಚೆಯ ಕಾರ್ಖಾನೆಗಳಲ್ಲಿ ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿಗಳನ್ನು ಉಜ್ಜಿ ಉಜ್ಜಿ ಕನ್ನಡಿಯಾಗಿಸಿದವರು, ಆ ಉಜ್ಜಿದ ಹುಡಿಯನ್ನು ಇಪ್ಪತ್ತು ಮೂವತ್ತು ವರ್ಷ ಎದೆಯೊಳಗೆ ತುಂಬಿಕೊಂಡವರು, ಅಲ್ಲಿಗೆ ಬಂದು ಸೇರುತ್ತಾರೆ. ಗಾಯವಿಲ್ಲ, ಪಟ್ಟಿಯಿಲ್ಲ, ಊತವಿಲ್ಲ. ನೋಡಿದರೆ ಬಡಕಲು ಗಂಡಸರು ಸುಮ್ಮನೆ ಕುಳಿತಿದ್ದಾರೆ, ಅಷ್ಟೇ. ಉಸಿರು ಸಿಗುತ್ತಿಲ್ಲವೆಂಬುದು ಅವರ ಪಕ್ಕದಲ್ಲಿ ಹತ್ತು ನಿಮಿಷ ಕುಳಿತವರಿಗೆ ಮಾತ್ರ ತಿಳಿಯುತ್ತದೆ, ಪೋಸ್ಟರಿನ ಮುಂದೆ ಯಾರೂ ಹತ್ತು ನಿಮಿಷ ನಿಲ್ಲುವುದಿಲ್ಲ. ಒಂಬತ್ತು ವರ್ಷದ ಹಿಂದೆ ಆ ವಾರ್ಡಿನ ಡಾಕ್ಟರು ಅರ್ಜಿ ಹಾಕಿದಾಗ ಮಾಮ ಬಾಗಿಲಲ್ಲೇ ನಿಂತು, ಹನ್ನೆರಡು ಮುಖಗಳನ್ನೂ ಒಮ್ಮೆ ಅಳೆದು, ಒಳಗೆ ಕಾಲಿಡದೆ ಹಿಂತಿರುಗಿದ್ದರು. "ನಡಿಯಲ್ಲ. ಉಸಿರಿಗೆ ಫೋಟೋ ಇಲ್ಲ ರೀ. ಮೇಲಾಗಿ ಗಂಡಸರು. ಮೊದಲನೇ ಪ್ರಶ್ನೆನೇ ಬೀಡಿ ಸೇದ್ತಿದ್ರಾ ಅಂತ." ಆ ಕಡತಕ್ಕೆ ದಾರ ಕಟ್ಟಿ ಕಪಾಟಿಗೆ ಎಸೆದವನು ನಾನು.

ಆಮೇಲೆ ಆ ವಾರ್ಡಿನ ಏಳನೆಯ ಮಂಚಕ್ಕೆ ಮಾಮನ ಅಣ್ಣ ಬಂದ.

ಅಣ್ಣ ಎಂದರೆ ಹೆಸರಿಗೆ ಅಣ್ಣ, ಸಾಕಿದ್ದು ತಂದೆಯಂತೆ. ಕಲ್ಲಿನ ಕಾರ್ಖಾನೆಯಲ್ಲಿ ಪಾಳಿಯ ಮೇಸ್ತ್ರಿ. ತನ್ನ ಓದು ಬಿಟ್ಟು ತಮ್ಮನನ್ನು ಓದಿಸಿದ, ಒಂದು ವರ್ಷದ ಬೋನಸ್ಸಿನಲ್ಲಿ ಹಳೆಯ ಕ್ಯಾಮೆರಾ ಕೊಡಿಸಿದ. ತಮ್ಮನಿಗೆ ಎಷ್ಟು ಮಾತು ಕಡಿಮೆಯೋ ಈತನಿಗೆ ಅಷ್ಟು ಜಾಸ್ತಿ. ಉಸಿರು ಕಟ್ಟುತ್ತಿದ್ದರೂ ಮೂರು ಪದಕ್ಕೊಮ್ಮೆ ನಿಂತು, ಗಾಳಿ ಎಳೆದು, ನಗೆಚಟಾಕಿಯನ್ನು ಮುಗಿಸಿಯೇ ತೀರುತ್ತಿದ್ದ. ತಮ್ಮ ಮೊದಲ ದಿನ ಮಂಚದ ಬಳಿ ಬಂದು, ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿದಾಗ ಆತ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ: "ನಾನು ಕೊಡಿಸಿದ ಕಣ್ಣು... ಅದರಲ್ಲಿ ನನ್ನನ್ನೇ... ಅಳೀತೀಯಲ್ಲೋ ಬಡ್ಡಿಮಗನೇ." ವಾರ್ಡೆಲ್ಲ ನಕ್ಕು, ನಕ್ಕವರೆಲ್ಲ ಕೆಮ್ಮಿದರು. ಮಾಮ ಎರಡೂ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಆ ವಾರ್ಡಿನಲ್ಲಿ ಆಮ್ಲಜನಕ ಕೊಡುವ ಯಂತ್ರಗಳು ಎರಡೇ. ಹನ್ನೆರಡು ಎದೆಗಳಿಗೆ ಎರಡು ಯಂತ್ರ. ಜೀವಮಾನವೆಲ್ಲ ಪಾಳಿಯಲ್ಲಿ ದುಡಿದವರು ಅಲ್ಲೂ ಪಾಳಿಯನ್ನೇ ಕಟ್ಟಿಕೊಂಡಿದ್ದರು: ಗೋಡೆಯ ಗಡಿಯಾರ ನೋಡಿಕೊಂಡು, ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಮೊದಲನೆಯ ಪಾಳಿ, ಎರಡನೆಯ ಪಾಳಿ ಎಂದೇ ಅವರು ಹೇಳುತ್ತಿದ್ದದ್ದು. ತಡವಾಗಿ ಬಿಟ್ಟುಕೊಟ್ಟವನಿಗೆ ಮುಂದಿನ ಸರದಿಯಲ್ಲಿ ಐದು ನಿಮಿಷ ಕಡಿತ, ಕಾರ್ಖಾನೆಯಲ್ಲಿ ತಡವಾಗಿ ಬಂದವನ ಸಂಬಳ ಕಡಿಯುತ್ತಿದ್ದ ಹಾಗೆಯೇ. ಅಣ್ಣ ಬಂದ ಮೂರನೆಯ ದಿನಕ್ಕೆ ಗಡಿಯಾರದ ಮೇಸ್ತ್ರಿಕೆ ಆತನ ಕೈಗೆ ಬಂತು. ತನ್ನ ಸರದಿ ಮುಗಿಯುವ ಒಂದು ನಿಮಿಷ ಮೊದಲೇ ಮುಖದಿಂದ ಮಾಸ್ಕು ಕಳಚಿ ಪಕ್ಕದ ಮಂಚಕ್ಕೆ ದಾಟಿಸುತ್ತಿದ್ದ.

ಮಾಮ ಸಾಲಸೋಲ ಮಾಡಿ ಅಣ್ಣನಿಗೆಂದೇ ಒಂದು ಯಂತ್ರ ಕೊಂಡು ತಂದರು. ಅಣ್ಣ ಅದನ್ನು ಸುತ್ತಲೂ ನೋಡಿ, ತಟ್ಟಿ, "ಭೇಷ್" ಎಂದು, ಪಾಳಿಗೆ ಸೇರಿಸಿಬಿಟ್ಟ. ಮಾಮನಿಗೆ ಅವತ್ತು ಬಂದ ಸಿಟ್ಟನ್ನು ನಾನು ಮತ್ತೆಂದೂ ಕಂಡಿಲ್ಲ. "ಇದು ನಿಂಗೆ ಅಣ್ಣಾ! ನಿಂಗೊಬ್ಬನಿಗೆ! ಊರಿಗೆಲ್ಲ ಉಪಕಾರ ಮಾಡಿ ಮಾಡಿ ಇಲ್ಲಿಗೆ ಬಂದು ಬಿದ್ದಿದ್ದೀಯ, ಇನ್ನೂ ಬುದ್ಧಿ ಬಂದಿಲ್ವಾ?" ಅಣ್ಣ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. "ಹನ್ನೊಂದು ಜನ... ನೋಡ್ತಾ ಇರ್ತಾರೆ ಕಣೋ. ಅವರ ಮುಂದೆ... ನಾನೊಬ್ಬ ಹೆಂಗೋ ಎಳ್ಕೊಳ್ಳೋದು? ತರೋದಾದ್ರೆ... ಎಲ್ಲರಿಗೂ ತಾ." ಅಲ್ಲಿಗೆ ಮಾತು ಮುಗಿಯಿತು. ಅಣ್ಣ ಉಸಿರಾಡಬೇಕಾದರೆ ಹನ್ನೆರಡೂ ಮಂದಿ ಉಸಿರಾಡಬೇಕು; ಇನ್ನೂ ಒಂಬತ್ತು ಯಂತ್ರ ಬೇಕು; ಅಷ್ಟು ಹಣ ಬರುವುದು ಪೋಸ್ಟರಿನಿಂದ ಮಾತ್ರ. ಡಾಕ್ಟರು ಕೊಟ್ಟ ಗಡುವು ಒಂದು ವರ್ಷ, ಹೆಚ್ಚೆಂದರೆ ಒಂದೂವರೆ.

ಫೋಟೋ ತೆಗೆಯುವ ದಿನವನ್ನು ಮಾಮ ಮೊದಲೇ ತಿಳಿಸಿದ್ದು ತಪ್ಪಾಯಿತೇನೋ. ನಾವು ಹೋದಾಗ ಹನ್ನೆರಡೂ ಜನ ಗಡ್ಡ ಬೋಳಿಸಿಕೊಂಡಿದ್ದರು. ಕೈ ನಡುಗುವವರಿಗೆ ನಡುಗದವರು ಬೋಳಿಸಿದ್ದರು. ಇಬ್ಬರ ಗಲ್ಲದಲ್ಲಿ ಗೀರಿತ್ತು. ಅಣ್ಣ ಬಿಳಿ ಅಂಗಿ ತರಿಸಿ ಹಾಕಿಕೊಂಡು, ಬೆನ್ನಿಗೆ ಎರಡು ದಿಂಬು ಒತ್ತುಕೊಟ್ಟು, ನೆಟ್ಟಗೆ ಕುಳಿತು, "ಹ್ಞೂಂ, ಈಗ ತೆಗಿ. ಹೆಣ್ಣು ನೋಡೋಕೆ... ಬಂದಂಗೆ ಕೂತಿದೀನಿ" ಎಂದ. ಪ್ರತಿಯೊಬ್ಬನೂ ತನ್ನ ಮುಖದಿಂದ ಉಳಿದ ಹನ್ನೊಂದು ಜನಕ್ಕೆ ಒಳ್ಳೆಯದಾಗುತ್ತದೆಂದು ನಂಬಿಕೊಂಡು, ಉಸಿರು ಬಿಗಿಹಿಡಿದು, ಕ್ಯಾಮೆರಾದ ಮುಂದೆ ಮುಗುಳ್ನಕ್ಕ. ಮಾಮ ನಗಬೇಡಿ ಎನ್ನಲಿಲ್ಲ. ಅವರ ಕೈಯಲ್ಲಿ ಅವತ್ತು ಬಾಚಣಿಗೆಯೂ ಇರಲಿಲ್ಲ.

ಆ ಚಿತ್ರಗಳನ್ನು ಕಚೇರಿಯ ಉದ್ದ ಮೇಜಿನ ಮೇಲೆ ಹರಡಿಕೊಂಡು ನಾವಿಬ್ಬರೂ ಒಂದು ವಾರ ನೋಡಿದೆವು. ಹನ್ನೆರಡು ಜನ ಮಧ್ಯವಯಸ್ಕರು, ಬೋಳಿಸಿದ ಗಡ್ಡ, ಗೌರವವಾದ ನಗು. ದಾರಿಹೋಕನಿಗೆ ಅಲ್ಲಿ ಕಾಯಿಲೆಯೇ ಕಾಣುವುದಿಲ್ಲ. ಮಾಮ ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಬೋರಲು ಹಾಕಿದರು. ಕೊನೆಯದು ಅಣ್ಣನದು. ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, "ನಡಿಯಲ್ಲ ರೀ" ಎಂದು ತಲೆ ಹಿಡಿದುಕೊಂಡು ಕುಳಿತರು. "ಎಲ್ಲಿ ಎಡವಿದೀನಿ ಅಂತ ನೋಡಿದ್ರೆ ನಾನು ಎಡವಿಲ್ಲ. ಇದೇ ನಿಜ. ನಮ್ಮಣ್ಣನ ಮುಖ ನೋಡಿ ಯಾರೂ ಕೊಡಲ್ಲ. ದಾರೀಲಿ ಹೋಗೋನಾಗಿದ್ರೆ ನಾನೂ ಕೊಡ್ತಿರಲಿಲ್ಲ."

ಮುಂದಿನದು ಒಂದು ಭಾನುವಾರದ ಮಧ್ಯಾಹ್ನ. ಅಣ್ಣನ ಸೊಸೆ ತನ್ನ ಮಗಳನ್ನು ಕರೆದುಕೊಂಡು ಮಾವನನ್ನು ನೋಡಲು ಬಂದಿದ್ದಳು. ಆರು ವರ್ಷದ ಹುಡುಗಿ, ಒಂದು ಕಡೆ ಕೂರುವ ಜಾತಿಯಲ್ಲ. ಅಮ್ಮ ಔಷಧಿ ತರಲು ಹೋಗಿದ್ದಾಗ, ಅಜ್ಜನಿಗೆ ಜೋಂಪು ಹತ್ತಿದ್ದಾಗ, ದಿಂಬಿನ ಮೇಲೆ ಜಾರಿಬಿದ್ದಿದ್ದ ಮಾಸ್ಕನ್ನು ಎತ್ತಿ ತನ್ನ ಮುಖಕ್ಕೆ ಹಿಡಿದುಕೊಂಡು, ಒಳಗಿಂದಲೇ ಕಿಲಕಿಲ ನಕ್ಕಳು. ಅಷ್ಟಗಲದ ಮಾಸ್ಕು, ಇಷ್ಟೇ ಮುಖ; ಮೇಲೆ ಎರಡು ಕಣ್ಣು. ಮಾಮನ ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಅವರು ಮಂಚದ ಪಕ್ಕ ಕುಳಿತು, ಬಲಜೇಬಿನಿಂದ ಬಾಚಣಿಗೆ ತೆಗೆದು ಅವಳ ಹಣೆಯ ಕೂದಲು ಬಿಡಿಸಿದರು. ರಿಬ್ಬನ್ನು ಕಟ್ಟಿದರು. "ಇನ್ನೊಂದ್ಸಲ ಹಾಕ್ಕೋ ಪುಟ್ಟಿ. ನಗಬಾರ್ದು. ಅಜ್ಜ ಮಲಗಿದ್ದಾರೆ, ಎದ್ದುಬಿಡ್ತಾರೆ." ಅವಳು ನಗು ತಡೆದುಕೊಂಡಾಗ ಕಣ್ಣಲ್ಲಿ ನೀರು ತುಂಬಿತು. ಆ ಕ್ಷಣಕ್ಕೆ ಕ್ಯಾಮೆರಾ ಒತ್ತಿದರು.

ಚಿತ್ರ ಕೈಗೆ ಬಂದಾಗ ನಾನೇ ಕೇಳಿದೆ, "ಮಾಮ, ನಿಯಮ? ಮಗುವಿನ ಮುಖ ಹಾಕಿದ್ರೆ ದುಡ್ಡು ಮಕ್ಕಳಿಗೆ ತಾನೇ ಹೋಗೋದು?"

"ಇಪ್ಪತ್ನಾಲ್ಕು ವರ್ಷದಲ್ಲಿ ಸಮಿತಿಯವ್ರ ಹತ್ರ ಏನಾದ್ರೂ ಕೇಳಿದೀನಾ ನಾನು? ಒಂದ್ಸಲ ಕೇಳ್ತೀನಿ. ಬಗ್ತಾರೆ."

"ಮನೆಯವ್ರಿಗೆ ಹೇಳಿದೀರಾ?"

"ದುಡ್ಡು ಬರ್ಲಿ, ಯಂತ್ರ ಬರ್ಲಿ, ಆಮೇಲೆ ಹೇಳ್ತೀನಿ. ಅಣ್ಣ ಎರಡು ಬೈತಾನೆ, ಬೈಯೋಕೆ ಉಸಿರಿರ್ಬೇಕಲ್ಲ ಮೊದಲು." ಹಾಗೆಂದು, ನಾನು ಬರೆದಿಟ್ಟ ಸಾಲಿನಿಂದ 'ಕಲ್ಲಿನ ಧೂಳು' ಎಂಬ ಮಾತನ್ನು ಹೊಡೆದುಹಾಕಿದರು. ಕಾರ್ಖಾನೆ ಎಂದರೆ ಮಾಲೀಕರೇ ಕೊಡಲಿ ಎನ್ನುತ್ತಾರೆ. ಉಳಿದದ್ದು ಇಷ್ಟು: 'ಈ ಮಗುವಿಗೆ ಉಸಿರು ಕೊಡಿ.' ಆ ಸುಳ್ಳಿನ ಅಕ್ಷರ ನನ್ನದು. ಹೊಟ್ಟೆಪಾಡು ಎಂದು ಹೇಳಿ ಜಾರಿಕೊಳ್ಳುವ ಮನಸ್ಸಿಲ್ಲ. ಬರೆದಾಗ ಚೆನ್ನಾಗಿ ಬಂತೆಂದು ಒಳಗೊಳಗೇ ಖುಷಿಯಾಗಿತ್ತು.

ಹಣ ಹೊಳೆಯಾಗಿ ಹರಿದು ಬಂತು. ಶಾಲೆಯ ಮಕ್ಕಳು ಡಬ್ಬಿ ಒಡೆದು ಕೊಟ್ಟರು, ಹೆಸರು ಬೇಡವೆಂದು ಎಷ್ಟೋ ಜನ ಕೊಟ್ಟರು, ಒಬ್ಬ ಮುದುಕಿ ಕಿವಿಯ ಓಲೆ ಬಿಚ್ಚಿಕೊಟ್ಟಳು. ಮೂರು ತಿಂಗಳಿಗೆ ಮಾಮ ತಮ್ಮ ಕೋಟಿನ ಧೂಳು ಕೊಡವಿಕೊಂಡು, ಕಾರ್ಯದರ್ಶಿ ಮೇಡಂ ಅವರ ಕೋಣೆಗೆ ಹೋಗಿ, ಕಲ್ಲಿನ ಧೂಳಿನ ವಾರ್ಡಿಗೆ ಒಂಬತ್ತು ಯಂತ್ರ ಬೇಕೆಂದು ಕೇಳಿದರು. ಮೇಡಂ ಕೆಟ್ಟವರಲ್ಲ. ಪ್ರಾಮಾಣಿಕರು, ಅದೇ ಬಂದ ತೊಂದರೆ.

"ಮಾಮ, ಪೋಸ್ಟರಲ್ಲಿ ಮಗು ಇದೆ. ನೀವೇ ಬರೆಸಿದ ನಿಯಮ. ಇವತ್ತು ನಿಮಗೆ ಅಂತ ಬಗ್ಗಿಸಿದ್ರೆ ನಾಳೆ ಗೇಟಿಗೂ ಬಗ್ಗಿಸ್ತಾರೆ. ಮಕ್ಕಳ ಉಸಿರಾಟದ ವಾರ್ಡಿಗೆ ಅಂತ ಆಗ್ಲೇ ಮಂಜೂರಾಗಿದೆ."

ಮಾಮ ನಿಜ ಹೇಳಿಬಿಟ್ಟರು. "ಆ ಮಗುಗೆ ಕಾಯಿಲೆನೇ ಇಲ್ಲ ಮೇಡಂ. ಅದು ನನ್ನ ಅಣ್ಣನ ಮೊಮ್ಮಗು."

ಮೇಡಂ ಎದ್ದು ಬಾಗಿಲು ಹಾಕಿ ಬಂದು ಕುಳಿತರು. ಮುಖ ಬಿಳಿಚಿಕೊಂಡಿತ್ತು. "ಇದನ್ನ ನಾನು ಕೇಳಿಸ್ಕೊಂಡಿಲ್ಲ. ಈ ಮಾತು ಹೊರಗೆ ಬಿದ್ರೆ ನಾಳೆಯಿಂದ ಈ ಆಸ್ಪತ್ರೆಗೆ ಒಂದು ಕಾಸೂ ಬರಲ್ಲ. ಹೃದಯದ ಮಕ್ಕಳು ಎಲ್ಲಿಗೆ ಹೋಗ್ಬೇಕು ಮಾಮ? ನೀವೇ ಹೇಳಿ." ಅದು ಮಾಮ ತಾವೇ ಕಟ್ಟಿದ ಗೋಡೆ, ಒಂದು ಇಟ್ಟಿಗೆಯನ್ನೂ ಸಡಿಲ ಬಿಟ್ಟಿರಲಿಲ್ಲ.

ಮಕ್ಕಳ ಹೊಸ ವಾರ್ಡು ಎದ್ದಿತು. ಗೋಡೆಯ ತುಂಬ ಆನೆ, ಮೀನು, ಕಾಮನಬಿಲ್ಲು. ಇಪ್ಪತ್ತು ಯಂತ್ರ ಬಂದವು. ಆ ಮಳೆಗಾಲದಲ್ಲಿ ಬೇಕಾದದ್ದು ಆರಕ್ಕೆ, ಉಳಿದ ಹದಿನಾಲ್ಕು ಹೊದಿಕೆ ಹೊದ್ದು ಸಾಲಾಗಿ ಕುಳಿತವು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಹಿರಿಯರು ಹೇಳಿದ್ದು ಎಷ್ಟು ಹಗುರವಾದ ಮಾತು ಎನಿಸಿತು ನನಗೆ, ಆ ಹೊದಿಕೆಗಳನ್ನು ನೋಡಿದಾಗ. ಮಾಮ ಆ ವಾರ್ಡಿನ ಸಿಸ್ಟರನ್ನು ಬೇಡಿಕೊಂಡರು. ಆಕೆ, "ಒಂದೊಂದಕ್ಕೂ ನಂಬರಿದೆ ಮಾಮ, ಆಚೆ ಹೋದ್ರೆ ನನ್ನ ಕೆಲಸ ಹೋಗತ್ತೆ" ಎಂದು ಕಣ್ಣೊರೆಸಿಕೊಂಡಳು. ಅಲ್ಲಿಂದ ಧೂಳಿನ ವಾರ್ಡಿಗೆ ಇನ್ನೂರು ಹೆಜ್ಜೆ. ಅಲ್ಲಿ ಮೂರು ಯಂತ್ರ, ಗೋಡೆಯ ಗಡಿಯಾರ, ಪಾಳಿ.

ಅಣ್ಣನಿಗೆ ವಿಷಯ ಗೊತ್ತಾದದ್ದು ಆ ಹುಡುಗಿಯಿಂದಲೇ. ಪೋಸ್ಟರು ಅವಳ ಶಾಲೆಯ ಗೋಡೆಗೂ ಬಂದಿತ್ತು. ಟೀಚರು ಅವಳನ್ನು ಕಿಟಕಿಯ ಪಕ್ಕ ಬೇರೆ ಬೆಂಚಿನಲ್ಲಿ ಕೂರಿಸಿದ್ದರು, ಗಾಳಿ ಬರಲೆಂದು. ಆಟಕ್ಕೆ ಯಾರೂ ಸೇರಿಸುತ್ತಿರಲಿಲ್ಲ, ಅವಳು ಕುಡಿದ ಲೋಟವನ್ನು ಯಾರ ಮಕ್ಕಳೂ ಮುಟ್ಟುತ್ತಿರಲಿಲ್ಲ. ತಾಯಿ ಹೋಗಿ ಎಷ್ಟು ಹೇಳಿದರೂ, ಪಾಪ, ಹೆತ್ತ ಹೊಟ್ಟೆ, ಒಪ್ಪಿಕೊಳ್ಳಲಾರದೆ ಹೀಗನ್ನುತ್ತಾಳೆ ಎಂದು ಎಲ್ಲರೂ ಇನ್ನಷ್ಟು ಮರುಗಿದರು. ಒಂದು ಭಾನುವಾರ ಅವಳು ಮಂಚದ ಬಳಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಅಜ್ಜಾ, ನಾನು ನಿನಗಿಂತ ಮುಂಚೆ ಸಾಯ್ತೀನಾ, ಆಮೇಲೆ ಸಾಯ್ತೀನಾ?"

ಮಾಮ ಅವತ್ತು ಅಲ್ಲೇ ಇದ್ದರು. ಸೊಸೆ ಮಗಳನ್ನು ಎತ್ತಿಕೊಂಡು, ಚಿಕ್ಕಮಾವನ ಕಡೆ ಒಂದೇ ಒಂದು ಸಲ ನೋಡಿ ಹೊರಟುಹೋದಳು. ಮತ್ತೆಂದೂ ಅವರೊಡನೆ ಮಾತಾಡಲಿಲ್ಲ. ಹುಡುಗಿಯ ಶಾಲೆ ಬದಲಾಯಿತು. ಅಣ್ಣ ಬೈಯುತ್ತಾನೆಂದು ಮಾಮ ತಲೆ ತಗ್ಗಿಸಿ ಕಾದರು. ಅಣ್ಣ ಬೈಯಲಿಲ್ಲ. ಸರದಿ ಆತನದಾಗಿತ್ತು, ಮಾಸ್ಕನ್ನು ಕಳಚಿ ಎದೆಯ ಮೇಲಿಟ್ಟುಕೊಂಡು, ತಮ್ಮನ ಮುಖವನ್ನು ನೋಡುತ್ತ, ಬಹಳ ಮೆಲ್ಲಗೆ ಕೇಳಿದ.

"ನಾವು ಹನ್ನೆರಡು ಜನ... ಗಡ್ಡ ಬೋಳಿಸ್ಕೊಂಡು... ಕೂತಿದ್ವಲ್ಲೋ. ನಮ್ಮ ಮುಖ... ಯಾಕೋ ಸಾಲ್ಲಿಲ್ಲ?"

ಇಪ್ಪತ್ತನಾಲ್ಕು ವರ್ಷ ಊರಿಗೆಲ್ಲ ಇದೇ ಪ್ರಶ್ನೆಗೆ ಉತ್ತರ ಹೇಳಿದ್ದ ಮನುಷ್ಯ ಅವತ್ತು ಎದೆಯ ಮೇಲಿನ ಮಾಸ್ಕನ್ನೆತ್ತಿ ಅಣ್ಣನ ಮುಖಕ್ಕೆ ಹಿಡಿದ.

ಅಣ್ಣ ತೀರಿಕೊಂಡದ್ದು ಮತ್ತೆ ಏಳು ವಾರಕ್ಕೆ, ಒಂದು ಮಂಗಳವಾರ, ಮಧ್ಯಾಹ್ನದ ಪಾಳಿಯಲ್ಲಿ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಆತನ ಸರದಿ ಶುರುವಾಗಿತ್ತು. ಅರ್ಧದಲ್ಲೇ ಉಸಿರು ನಿಂತಿತು. ಯಾರೂ ಕೂಗಲಿಲ್ಲ. ಪಕ್ಕದ ಮಂಚದವನು ಎದ್ದು ಕಣ್ಣು ಮುಚ್ಚಿಸಿದ. ಆಮೇಲೆ ಎಲ್ಲರೂ ಗಡಿಯಾರ ನೋಡುತ್ತ, ಆತನ ಪಾಲಿನ ಉಳಿದ ಇಪ್ಪತ್ತು ನಿಮಿಷವನ್ನು ಆತನಿಗೇ ಬಿಟ್ಟು, ಯಂತ್ರ ಸುಮ್ಮನೆ ಗುಂಯ್‌ಗುಡುತ್ತಿರಲು, ಕಾದರು. ನಾಲ್ಕು ಹೊಡೆದ ಮೇಲೆ ಮಾಸ್ಕು ಕಳಚಿ, ಒರೆಸಿ, ಎಂಟನೆಯ ಮಂಚಕ್ಕೆ ಕೊಟ್ಟರು. ಮಾಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಎಂಟನೆಯವನು ಅವರನ್ನು ಕಂಡು, ತಪ್ಪು ಮಾಡಿದವನಂತೆ ಮಾಸ್ಕನ್ನು ತೆಗೆಯಲು ಹೋದ. "ಹಾಕ್ಕೊಳ್ಳಪ್ಪಾ, ನಿನ್ನ ಪಾಳಿ" ಎಂದರು ಮಾಮ.

ಮರುದಿನವೇ ರಾಜೀನಾಮೆ ಕೊಟ್ಟರು. ನಾನು ಕೊಡಲಿಲ್ಲ, ಈಗಲೂ ಅದೇ ಮೇಜಿನಲ್ಲಿ ಕುಳಿತು ಸಾಲುಗಳನ್ನು ಬರೆಯುತ್ತೇನೆ. ನನ್ನ ಕಿಟಕಿಯಿಂದ ಆಸ್ಪತ್ರೆಯ ಗೇಟು ಕಾಣುತ್ತದೆ. ಒಂದು ತಿಂಗಳಾದ ಮೇಲೆ ನೋಡುತ್ತೇನೆ, ಆ ಗೇಟಿನ ಬಳಿ ಮಾಮ ನಿಂತಿದ್ದಾರೆ. ಎದುರಿಗೊಂದು ಹಲಗೆ, ಹಲಗೆಯ ಮೇಲೆ, ಅವರೇ ದೊಡ್ಡದು ಮಾಡಿಸಿದ ಅಣ್ಣನ ಚಿತ್ರ. ಬಿಳಿ ಅಂಗಿ, ಬೋಳಿಸಿದ ಗಲ್ಲ, ಗೌರವವಾದ ನಗು. ಕೆಳಗೆ ನನ್ನ ಸಾಲಲ್ಲ, ಅವರದೇ ವಕ್ರ ಅಕ್ಷರ: 'ಕಲ್ಲು ಉಜ್ಜಿದರು. ಎದೆ ಗಟ್ಟಿಯಾಗಿ ಸತ್ತರು. ಒಳಗೆ ಇನ್ನೂ ಹನ್ನೊಂದು ಜನ ಇದ್ದಾರೆ.' ಪಕ್ಕದಲ್ಲಿ ಒಂದು ಡಬ್ಬಿ. ಅವರ ಹಿಂದೆ, ಗೇಟಿನ ಕಂಬದ ಮೇಲೆ, ನಮ್ಮ ಪೋಸ್ಟರು ಮತ್ತು ನಮ್ಮ ಹುಂಡಿ.

ಒಂದು ದಿನ ಮನಸ್ಸು ತಡೆಯದೆ ಕೆಳಗಿಳಿದು ಹೋಗಿ ಪಕ್ಕದಲ್ಲಿ ನಿಂತುಕೊಂಡೆ. ಜನ ಬರುತ್ತಿದ್ದರು, ಹಲಗೆಯನ್ನು ನೋಡುತ್ತಿದ್ದರು, ಹೋಗುತ್ತಿದ್ದರು. ನಿಂತವರು ಕೇಳಿದ್ದು ಒಂದೇ ಮಾತು, "ಸೇದ್ತಿದ್ರಾ?" "ಇಲ್ಲ" ಎನ್ನುತ್ತಿದ್ದರು ಮಾಮ, ಕೇಳಿದವರು ನಂಬದೆ ತಲೆಯಾಡಿಸುತ್ತಿದ್ದರು. ಕಡೆಗೆ ಒಬ್ಬ ಹೆಂಗಸು, ನೋಡಿದರೆ ಸಾಕು, ಯಾರ ಕಷ್ಟಕ್ಕಾದರೂ ಕರಗುವಂಥ ಮುಖ, ಕೈಯಲ್ಲಿ ದೊಡ್ಡ ನೋಟನ್ನೇ ಹಿಡಿದುಕೊಂಡು ಬಂದು ನಿಂತಳು. ಡಬ್ಬಿಯವರೆಗೂ ಬಂದ ಕೈ ಅಲ್ಲೇ ನಿಂತಿತು. ಅವಳು ಕಂಬದ ಕಡೆ ನೋಡಿ, "ಆ ಮಗು ಈಗ ಹೇಗಿದೆ ಅಜ್ಜಾ?" ಎಂದಳು.

"ಚೆನ್ನಾಗಿದ್ದಾಳಮ್ಮ. ಅವಳಿಗೆ ಯಾವ ಕಾಯಿಲೆನೂ ಇರ್ಲಿಲ್ಲ, ನಾನೇ ಸುಳ್ಳು ಫೋಟೋ ತೆಗೆದಿದ್ದು. ಸತ್ತಿದ್ದು ಇವನು. ನನ್ನ ಅಣ್ಣ."

ಹೆಂಗಸು ಅವರನ್ನು ಮರುಕದಿಂದ ನೋಡಿದಳು, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎನ್ನುವ ಹಾಗೆ. ನೋಟನ್ನು ನಾಲ್ಕು ಮಡಿಕೆ ಮಡಿಚಿ, ಅವರನ್ನು ದಾಟಿಕೊಂಡು ಹೋಗಿ, ಮಗುವಿನ ಹುಂಡಿಗೆ ಹಾಕಿದಳು. ಮಾಮ ಅವಳ ಮೇಲೆ ಸಿಟ್ಟಾಗಲಿಲ್ಲ, ಅವಳನ್ನು ಕರೆಯಲೂ ಇಲ್ಲ. ಅವಳು ಹಾಗೆಯೇ ಮಾಡುತ್ತಾಳೆಂದು ಅವಳು ರಸ್ತೆ ದಾಟುವಾಗಲೇ ಅವರಿಗೆ ಗೊತ್ತಿತ್ತು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ನಮ್ಮ ಕರುಣೆ ಎಷ್ಟು ಉದ್ದ, ಎಷ್ಟು ಅಗಲ, ಯಾವ ಮುಖದ ಮುಂದೆ ನಿಲ್ಲುತ್ತದೆ, ಯಾವ ಮುಖ ಕಂಡರೆ ಬದಿಗೆ ಸರಿದು ಹೋಗುತ್ತದೆ ಎಂಬುದು ನಮಗಿಂತ ಚೆನ್ನಾಗಿ ಅವರಿಗೆ ತಿಳಿದಿರುತ್ತದೆ. ನಾವು ಅವರನ್ನು ಕಲ್ಲೆದೆಯವರು ಎನ್ನುತ್ತೇವೆ. ಆದರೆ ಅಳತೆ ನಮ್ಮದು. ದರ್ಜಿಯ ಹಾಗೆ ಅವರು ಆ ಅಳತೆಗೆ ಸರಿಯಾಗಿ ಲೋಕದ ದುಃಖವನ್ನು ಕತ್ತರಿಸಿ ಕೊಟ್ಟವರು, ಅಷ್ಟೇ. ಕತ್ತರಿಸಿದಾಗ ಕೆಳಗೆ ಬಿದ್ದದ್ದು ಏನಾಯಿತೆಂದು ಕೇಳುವ ಪ್ರಸಂಗ ನಮಗೆ ಬರುವುದಿಲ್ಲ, ಅದಕ್ಕೆಂದೇ ಅವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದೇವೆ. ತಮ್ಮ ಮನೆಯ ದುಃಖವೇ ಆ ಅಳತೆಗೆ ಹೊಂದದೆ ಹೋದ ದಿನ ಅವರು ನಮ್ಮ ಮುಂದೆ ಬಂದು ಕೈಯೊಡ್ಡುತ್ತಾರೆ, ಮತ್ತು ಒಡ್ಡುವಾಗಲೇ, ನಾವು ಕೊಡುವುದಿಲ್ಲವೆಂದು ಅವರಿಗೆ ಗೊತ್ತಿರುತ್ತದೆ.